ಮನೆಯ ಕಂಪ್ಯೂಟರಿನ ಲಾಗಿನ್ ಪಾಸ್‌ವರ್ಡ್: ಅದು ಏನನ್ನು ಕಾಯುತ್ತದೆ, ಏನನ್ನು ಕಾಯುವುದಿಲ್ಲ

ನಮ್ಮಲ್ಲಿ ಬಹಳಷ್ಟು ಮನೆಗಳಿಗೆ ಕಂಪ್ಯೂಟರ್ ಬರುವ ಬಗೆ ಒಂದೇ. ಅಂಗಡಿಯವರು ಬಿಡಿಭಾಗಗಳನ್ನು ಜೋಡಿಸಿ, ವಿಂಡೋಸ್ ಹಾಕಿ, ‘ಯೂಸರ್’ ಅಥವಾ ‘ಅಡ್ಮಿನ್’ ಎಂಬ ಹೆಸರಿನ ಒಂದೇ ಒಂದು ಖಾತೆ ತೆರೆದು, ಅದಕ್ಕೆ ಪಾಸ್‌ವರ್ಡ್ ಇಡದೆಯೋ 1234 ಎಂದು ಇಟ್ಟೋ ಕಳಿಸಿಕೊಡುತ್ತಾರೆ. ಮುಂದೆ ಅದೇ ಖಾತೆಯಲ್ಲಿ ಮಗಳ ಕಾಲೇಜಿನ ಪ್ರಾಜೆಕ್ಟ್, ತಂದೆಯ ಆದಾಯ ತೆರಿಗೆಯ ಕಾಗದಗಳು, ಮನೆಮಂದಿಯೆಲ್ಲರ ಆಧಾರ್ ಮತ್ತು ಪ್ಯಾನ್ ಕಾರ್ಡುಗಳ ಸ್ಕ್ಯಾನ್, ಜಮೀನಿನ ಪಹಣಿ, ಬ್ರೌಸರಿನಲ್ಲಿ ಉಳಿಸಿಟ್ಟ ಹತ್ತಾರು ಜಾಲತಾಣಗಳ ಪಾಸ್‌ವರ್ಡುಗಳು ಒಂದೊಂದಾಗಿ ಬಂದು ಸೇರುತ್ತವೆ. ಇಷ್ಟೆಲ್ಲ ಸೇರಿದ ಮೇಲೂ ಆ ಖಾತೆಯ ಪಾಸ್‌ವರ್ಡ್ ಕುರಿತು ಮನೆಯಲ್ಲಿ ಯಾರೂ ಕುಳಿತು ಯೋಚಿಸಿರುವುದಿಲ್ಲ.

ಯೋಚಿಸಲು ಹೊರಟವರಿಗೆ ಸಿಗುವ ಸಲಹೆಯೂ ಸಾಮಾನ್ಯವಾಗಿ ಕಚೇರಿಗಳಿಗಾಗಿ ಬರೆದದ್ದು: ಕಷ್ಟದ ಪಾಸ್‌ವರ್ಡ್ ಇಡಿ, ಎಲ್ಲಿಯೂ ಬರೆದಿಡಬೇಡಿ, ತಿಂಗಳಿಗೊಮ್ಮೆ ಬದಲಿಸಿ. ಕಚೇರಿಯಲ್ಲಿ ಮರೆತರೆ ಮರುಹೊಂದಿಸಿಕೊಡಲು ಒಂದು ವಿಭಾಗವೇ ಇರುತ್ತದೆ, ಮನೆಯಲ್ಲಿ ಅಂಥವರು ಯಾರೂ ಇಲ್ಲ. ಮನೆಯ ಕಂಪ್ಯೂಟರಿಗೆ ಕಳ್ಳನಷ್ಟೇ ದೊಡ್ಡ ಅಪಾಯ ಮರೆವು ಎಂಬುದನ್ನು ಒಪ್ಪಿಕೊಂಡು, ಯಾವ ಪಾಸ್‌ವರ್ಡ್ ಯಾವುದನ್ನು ಕಾಯುತ್ತದೆ ಎಂಬುದನ್ನು ತಿಳಿದು, ಅದಕ್ಕೆ ತಕ್ಕ ವ್ಯವಸ್ಥೆ ಮಾಡಿಕೊಳ್ಳುವುದೇ ಸರಿಯಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಚ್ಚಿನ ಮನೆಗಳಲ್ಲಿರುವುದು ವಿಂಡೋಸ್ ಆದ್ದರಿಂದ ಅದನ್ನೇ ಆಧಾರವಾಗಿಟ್ಟುಕೊಂಡು ವಿವರಿಸುತ್ತೇನೆ.

ಪಾಸ್‌ವರ್ಡ್ ಯಂತ್ರದೊಳಗೆ ಉಳಿಯುವ ರೂಪ

ಕಂಪ್ಯೂಟರಿಗೆ ಪಾಸ್‌ವರ್ಡ್ ಇಡುವ ಪದ್ಧತಿ 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಬಳಕೆಗೆ ಬಂದಿತು. ಫರ್ನಾಂಡೊ ಕೊರ್ಬಾಟೊ ಅವರ ತಂಡ ರೂಪಿಸಿದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಒಂದೇ ಯಂತ್ರವನ್ನು ಹಲವರು ಬಳಸುತ್ತಿದ್ದರಾದ್ದರಿಂದ, ಅವರವರ ಫೈಲುಗಳು ಅವರವರಿಗೇ ಇರಲಿ ಎಂದು ಪಾಸ್‌ವರ್ಡ್ ಬೇಕಾಯಿತು. ಅದು ಹುಟ್ಟಿದ್ದೇ ಹಂಚಿಕೊಂಡು ಬಳಸುವ ಯಂತ್ರಕ್ಕಾಗಿ, ಅಂದರೆ ಇಂದಿನ ಮನೆಯ ಕಂಪ್ಯೂಟರಿನಂಥದ್ದಕ್ಕಾಗಿ. ಅಲ್ಲಿ ಎಲ್ಲರ ಪಾಸ್‌ವರ್ಡುಗಳನ್ನೂ ಒಂದು ಫೈಲಿನಲ್ಲಿ ಇದ್ದದ್ದು ಇದ್ದ ಹಾಗೆಯೇ ಬರೆದಿಡಲಾಗುತ್ತಿತ್ತು. 1962ರಲ್ಲಿ ಆಲನ್ ಶೆರ್ ಎಂಬ ಸಂಶೋಧಕರು ತಮಗೆ ಗೊತ್ತುಪಡಿಸಿದ್ದ ಸಮಯ ಸಾಲದೆ ಆ ಫೈಲನ್ನೇ ಪ್ರಿಂಟ್ ತೆಗೆಸಿಕೊಂಡು, ಇತರರ ಖಾತೆಗಳಲ್ಲಿ ತಮ್ಮ ಕೆಲಸ ಮುಂದುವರಿಸಿದರು. 1966ರಲ್ಲಿ, ಲಾಗಿನ್ ಆದೊಡನೆ ಎಲ್ಲರಿಗೂ ಕಾಣಿಸುವ ದಿನದ ಸಂದೇಶದ ಫೈಲು ಮತ್ತು ಪಾಸ್‌ವರ್ಡುಗಳ ಫೈಲು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಎಲ್ಲರ ಪಾಸ್‌ವರ್ಡುಗಳೂ ಕಾಣಿಸಿಕೊಂಡವು.

ಇಂದಿನ ವ್ಯವಸ್ಥೆಗಳು ಪಾಸ್‌ವರ್ಡನ್ನು ಹಾಗೆ ಬರೆದಿಡುವುದಿಲ್ಲ. ನೀವು ಒತ್ತಿದ ಅಕ್ಷರಗಳನ್ನು ಒಂದು ಗಣಿತ ಕ್ರಿಯೆಗೆ ಒಳಪಡಿಸಿ, ಬಂದ ಫಲಿತಾಂಶವನ್ನು ಮಾತ್ರ ಉಳಿಸುತ್ತವೆ. ಇದಕ್ಕೆ ಹ್ಯಾಶ್ ಎಂದು ಹೆಸರು. ರುಬ್ಬಿದ ಹಿಟ್ಟಿನಿಂದ ಅಕ್ಕಿಕಾಳನ್ನು ಮರಳಿ ಪಡೆಯಲಾಗದಂತೆ, ಹ್ಯಾಶ್‌ನಿಂದ ಪಾಸ್‌ವರ್ಡನ್ನು ಮರಳಿ ಪಡೆಯಲಾಗದು. ಮುಂದಿನ ಸಲ ನೀವು ಲಾಗಿನ್ ಆಗುವಾಗ ಯಂತ್ರ ಮತ್ತೆ ಅದೇ ಕ್ರಿಯೆಯನ್ನು ನಡೆಸಿ ಎರಡು ಫಲಿತಾಂಶಗಳು ಹೊಂದುತ್ತವೆಯೇ ಎಂದು ನೋಡುತ್ತದೆ, ಅಷ್ಟೇ. ನಿಮ್ಮ ಪಾಸ್‌ವರ್ಡ್ ಏನೆಂಬುದು ಯಂತ್ರಕ್ಕೂ ಗೊತ್ತಿಲ್ಲ. ಆದ್ದರಿಂದಲೇ ಮರೆತವರಿಗೆ ಹಳೆಯದನ್ನು ಯಾವ ತಂತ್ರಜ್ಞರೂ ಓದಿ ಹೇಳಲಾರರು, ಹೊಸದನ್ನು ಇಟ್ಟುಕೊಡಬಲ್ಲರು ಮಾತ್ರ.

ಹಾಗಾದರೆ ಕದಿಯುವವರು ಏನು ಮಾಡುತ್ತಾರೆ? ಊಹಿಸುತ್ತಾರೆ. ಒಂದೊಂದು ಪದವನ್ನೂ ಅದೇ ಕ್ರಿಯೆಗೆ ಒಳಪಡಿಸಿ ಹ್ಯಾಶ್ ಹೊಂದುವವರೆಗೂ ನೋಡುತ್ತ ಹೋಗುತ್ತಾರೆ. ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ದುಡಿದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ತಾವು ಸಂಗ್ರಹಿಸಿದ 3,289 ಪಾಸ್‌ವರ್ಡುಗಳಲ್ಲಿ 2,831, ಅಂದರೆ ಶೇಕಡ 86ರಷ್ಟು, ತೀರ ಚಿಕ್ಕವು ಅಥವಾ ನಿಘಂಟು ಮತ್ತು ಹೆಸರುಗಳ ಪಟ್ಟಿಗಳಲ್ಲಿ ಸಿಗುವಂಥವು ಎಂದು ತೋರಿಸಿದರು. ಮೂವತ್ತು ವರ್ಷಗಳ ನಂತರ, 2009ರಲ್ಲಿ, ರಾಕ್‌ಯೂ ಎಂಬ ಕಂಪನಿಯ 3.2 ಕೋಟಿ ಪಾಸ್‌ವರ್ಡುಗಳು ಸೋರಿದಾಗ ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕಂಡದ್ದು 123456.

ವಿಂಡೋಸ್ ತನ್ನ ಸ್ಥಳೀಯ ಖಾತೆಗಳ, ಅಂದರೆ ಮೈಕ್ರೋಸಾಫ್ಟ್‌ನ ಆನ್‌ಲೈನ್ ಖಾತೆಗೆ ಜೋಡಿಸದೆ ಆ ಯಂತ್ರದಲ್ಲೇ ತೆರೆದ ಖಾತೆಗಳ, ಹ್ಯಾಶ್‌ಗಳನ್ನು ಸ್ಯಾಮ್ ಎಂಬ ಫೈಲಿನಲ್ಲಿ ಇಡುತ್ತದೆ, ಮತ್ತು ಅದು ಬಳಸುವ ಹ್ಯಾಶ್ ಕ್ರಿಯೆ ಹಳೆಯದು, ಬಹಳ ವೇಗದ್ದು. ಈ ವೇಗ ಊಹಿಸುವವರಿಗೇ ಅನುಕೂಲ. ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಂಥ ಊಹೆಗಳನ್ನು ಸೆಕೆಂಡಿಗೆ ಹತ್ತು ಸಾವಿರ ಕೋಟಿಗೂ ಮೀರಿ ಪರೀಕ್ಷಿಸಬಲ್ಲದು. ಇಂಗ್ಲಿಷಿನ ಎಂಟು ಸಣ್ಣ ಅಕ್ಷರಗಳಿಂದ ಮಾಡಬಹುದಾದ ಒಟ್ಟು ಜೋಡಣೆಗಳು ಸುಮಾರು 20,883 ಕೋಟಿ. ಅಂದರೆ ಎಂಟು ಅಕ್ಷರದ ಹೆಸರನ್ನು ಪಾಸ್‌ವರ್ಡ್ ಮಾಡಿಕೊಂಡವರ ಹ್ಯಾಶ್ ಕೈಗೆ ಸಿಕ್ಕರೆ ಕೆಲಸ ಎರಡು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಅದೇ, 7,776 ಪದಗಳ ಒಂದು ಪಟ್ಟಿಯಿಂದ ದಾಳ ಎಸೆದು ಆಯ್ದ ಐದು ಪದಗಳನ್ನು ಸಾಲಾಗಿ ಇಟ್ಟುಕೊಂಡರೆ, ಊಹಿಸುವವರ ಕೈಯಲ್ಲಿ ಆ ಪಟ್ಟಿಯೇ ಇದ್ದರೂ ಎಲ್ಲ ಜೋಡಣೆಗಳನ್ನು ಅದೇ ವೇಗದಲ್ಲಿ ಮುಗಿಸಲು ಸುಮಾರು ಒಂಬತ್ತು ವರ್ಷ ಬೇಕು. ಚಿಹ್ನೆ, ಅಂಕಿ, ದೊಡ್ಡಕ್ಷರಗಳ ಕಸರತ್ತಿಗಿಂತ ಉದ್ದವೇ ಮೇಲು ಎಂದು ಹೇಳುವುದು ಈ ಲೆಕ್ಕದ ಆಧಾರದ ಮೇಲೆ.

ಲಾಗಿನ್ ಪರದೆಗೆ ಸಂಬಂಧವಿಲ್ಲದ ಹಾರ್ಡ್ ಡಿಸ್ಕ್

ಇಷ್ಟಾದರೂ, ಕಂಪ್ಯೂಟರನ್ನೇ ಹೊತ್ತೊಯ್ದ ಕಳ್ಳನಿಗೆ ನಿಮ್ಮ ಪಾಸ್‌ವರ್ಡನ್ನು ಊಹಿಸುವ ಅಗತ್ಯವೇ ಬೀಳದೆ ಇರಬಹುದು. ಈ ಒಂದು ಸಂಗತಿ ಮನೆಬಳಕೆದಾರರಲ್ಲಿ ಬಹುಮಂದಿಗೆ ತಿಳಿದಿಲ್ಲ. ಲಾಗಿನ್ ಪರದೆ ಎಂಬುದು ವಿಂಡೋಸ್ ಓಡುತ್ತಿರುವಾಗ ಅದು ಕೇಳುವ ಪ್ರಶ್ನೆ. ವಿಂಡೋಸನ್ನು ಓಡಿಸದೆಯೇ, ಹಾರ್ಡ್ ಡಿಸ್ಕನ್ನು ಕಳಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ಅಥವಾ ಪೆನ್ ಡ್ರೈವಿನಲ್ಲಿರುವ ಲಿನಕ್ಸ್ ಎಂಬ ಬೇರೊಂದು ಕಾರ್ಯಾಚರಣ ವ್ಯವಸ್ಥೆಯಿಂದ ಯಂತ್ರವನ್ನು ಚಾಲೂ ಮಾಡಿದರೆ, ಆ ಪ್ರಶ್ನೆಯನ್ನು ಕೇಳುವವರೇ ಇರುವುದಿಲ್ಲ. ಫೈಲುಗಳು ತೆರೆದ ಪುಸ್ತಕದಂತೆ ಕಾಣುತ್ತವೆ. ಹಳೆಯ ವಿಂಡೋಸ್ 98ರಲ್ಲಿ ಪಾಸ್‌ವರ್ಡ್ ಕೇಳಿದಾಗ ಕ್ಯಾನ್ಸಲ್ ಒತ್ತಿದರೆ ಡೆಸ್ಕ್‌ಟಾಪ್ ಬಂದುಬಿಡುತ್ತಿತ್ತು. ಆ ಕಾಲ ಹೋಯಿತು ನಿಜ, ಆದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿರದ, ಅಂದರೆ ಅದರಲ್ಲಿರುವುದನ್ನು ಬೀಗದಕೈ ಇಲ್ಲದೆ ಓದಲಾಗದ ಗುಪ್ತರೂಪಕ್ಕೆ ಬದಲಿಸಿರದ ಯಂತ್ರದಲ್ಲಿ ಮೂಲ ಸಮಸ್ಯೆ ಇಂದಿಗೂ ಹಾಗೆಯೇ ಇದೆ.

ಇದಕ್ಕೆ ಪರಿಹಾರ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವುದು. ವಿಂಡೋಸ್ ಪ್ರೊ ಆವೃತ್ತಿಯಲ್ಲಿ ಇದು ಬಿಟ್‌ಲಾಕರ್ ಎಂಬ ಹೆಸರಿನಲ್ಲೂ ಹೋಮ್ ಆವೃತ್ತಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಹೆಸರಿನಲ್ಲೂ ಸಿಗುತ್ತದೆ. ಡಿಸ್ಕಿನ ಬೀಗದಕೈ ಮದರ್‌ಬೋರ್ಡಿನಲ್ಲಿರುವ ಅಥವಾ ಪ್ರೊಸೆಸರಿನೊಳಗೇ ಸೇರಿರುವ ಟಿಪಿಎಂ ಎಂಬ ಭದ್ರತಾ ಘಟಕದಲ್ಲಿರುತ್ತದೆ. ಎಂದಿನ ಯಂತ್ರ, ಎಂದಿನ ವಿಂಡೋಸ್ ಎಂದು ಖಾತ್ರಿಯಾದರೆ ಮಾತ್ರ ಅದು ಬೀಗದಕೈಯನ್ನು ಬಿಟ್ಟುಕೊಡುತ್ತದೆ. ಡಿಸ್ಕನ್ನು ಕಳಚಿ ಬೇರೆಡೆ ಜೋಡಿಸಿದವರಿಗೆ ಅರ್ಥವಿಲ್ಲದ ಅಂಕಿಗಳಷ್ಟೇ ಕಾಣುತ್ತವೆ. ಹೀಗೆ ಪಕ್ಕದ ದಾರಿಗಳೆಲ್ಲ ಮುಚ್ಚಿ, ಒಳಬರಲು ಲಾಗಿನ್ ಪರದೆಯೊಂದೇ ಉಳಿದಾಗ, ಆಗ ಮಾತ್ರ ಲಾಗಿನ್ ಪಾಸ್‌ವರ್ಡಿಗೆ ನಿಜವಾದ ಬೆಲೆ ಬರುತ್ತದೆ. ಎರಡರಲ್ಲಿ ಒಂದಿದ್ದು ಇನ್ನೊಂದಿಲ್ಲದಿದ್ದರೆ ಕೆಲಸ ಅರ್ಧಂಬರ್ಧ.

ಆದರೆ ಎನ್‌ಕ್ರಿಪ್ಷನ್‌ಗೆ ತನ್ನದೇ ಆದ ಅಪಾಯವೊಂದಿದೆ. ಮದರ್‌ಬೋರ್ಡ್ ಬದಲಾದರೆ, ಕೆಲವೊಮ್ಮೆ ಬಯೋಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಆದರೂ, ಯಂತ್ರ ನೀಲಿ ಪರದೆಯಲ್ಲಿ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಸಿಗದಿದ್ದರೆ ಡಿಸ್ಕಿನಲ್ಲಿದ್ದದ್ದೆಲ್ಲವೂ ಹೋದಂತೆಯೇ. ಮೈಕ್ರೋಸಾಫ್ಟ್ ಕಂಪನಿಯೂ ಹೊಸದನ್ನು ಸೃಷ್ಟಿಸಿ ಕೊಡಲಾರದು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ, ಹೆಚ್ಚಿನ ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿಯೇ ಶುರುವಾಗಿ, ರಿಕವರಿ ಕೀ ಆ ಖಾತೆಗೆ ಹೋಗಿ ಸೇರುತ್ತದೆ. ಇಲ್ಲಿ ನಮ್ಮ ಊರುಗಳ ಪದ್ಧತಿಯಿಂದ ಹುಟ್ಟುವ ಒಂದು ತೊಡಕನ್ನು ಗಮನಿಸಬೇಕು. ವಿಂಡೋಸ್ 11 ಸ್ಥಾಪನೆಯ ಹೊತ್ತಿನಲ್ಲೇ ಮೈಕ್ರೋಸಾಫ್ಟ್ ಖಾತೆ ಕೇಳುವುದರಿಂದ, ಅಂಗಡಿಯವರೋ ಪರಿಚಯದ ಹುಡುಗನೋ ಕೆಲಸ ಬೇಗ ಮುಗಿಯಲೆಂದು ತಮ್ಮದೇ ಇಮೇಲ್ ವಿಳಾಸ ಹಾಕಿಬಿಟ್ಟಿದ್ದರೆ, ನಿಮ್ಮ ಡಿಸ್ಕಿನ ರಿಕವರಿ ಕೀ ಇರುವುದು ಅವರ ಖಾತೆಯಲ್ಲಿ. ಮೂರು ವರ್ಷಗಳ ನಂತರ ನೀಲಿ ಪರದೆ ಬಂದಾಗ ಆ ಅಂಗಡಿ ಇರುತ್ತದೆಯೇ, ಆ ಇಮೇಲ್ ಅವರಿಗೆ ನೆನಪಿರುತ್ತದೆಯೇ ಎಂದು ಹೇಳುವವರು ಯಾರು? ಹೊಸ ಕಂಪ್ಯೂಟರ್ ಮನೆಗೆ ಬಂದ ದಿನವೇ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಎಂಬಲ್ಲಿ ಯಾರ ಇಮೇಲ್ ಇದೆ ಎಂದು ನೋಡಿ, ಬೇರೆಯವರದಾಗಿದ್ದರೆ ನಿಮ್ಮದಕ್ಕೆ ಬದಲಿಸಿಕೊಂಡು, ರಿಕವರಿ ಕೀಯನ್ನು ಹೊಸದಾಗಿ ನಿಮ್ಮ ಖಾತೆಗೆ ಉಳಿಸಿ, ಕಾಗದದ ಮೇಲೂ ಪ್ರಿಂಟ್ ತೆಗೆದಿಡಿ.

ಪಿನ್, ಸ್ಥಳೀಯ ಖಾತೆ, ಮೈಕ್ರೋಸಾಫ್ಟ್ ಖಾತೆ

ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಜಗತ್ತಿನ ಯಾವ ಮೂಲೆಯಿಂದಲಾದರೂ ನಿಮ್ಮ ಇಮೇಲ್ ಮತ್ತು ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಫೈಲು ಸಂಗ್ರಹ) ತೆರೆಯಬಲ್ಲದು. ಲಾಗಿನ್ ಆಗುವಾಗ ಪಾಸ್‌ವರ್ಡಿನ ಬದಲು ಒತ್ತುವ ಪಿನ್ ಹಾಗಲ್ಲ, ಅದು ಅದೇ ಒಂದು ಯಂತ್ರಕ್ಕೆ ಮಾತ್ರ ಅನ್ವಯಿಸುತ್ತದೆ. ನಾಲ್ಕಂಕಿಯ ಪಿನ್ ಉದ್ದದ ಪಾಸ್‌ವರ್ಡಿಗಿಂತ ದುರ್ಬಲವಲ್ಲವೇ ಎಂಬ ಅನುಮಾನ ಸಹಜ. ಹ್ಯಾಶ್ ಕೈಗೆ ಸಿಕ್ಕವರು ಎಷ್ಟು ವೇಗವಾಗಿ ಬೇಕಾದರೂ ಊಹಿಸಬಹುದು, ಆದರೆ ಟಿಪಿಎಂ ಇರುವ ಯಂತ್ರದಲ್ಲಿ ಪಿನ್ ಪರೀಕ್ಷಿಸುವುದು ಆ ಟಿಪಿಎಂ, ಮತ್ತು ತಪ್ಪುಗಳ ಲೆಕ್ಕವನ್ನೂ ಅದೇ ಇಡುತ್ತದೆ. ನಾಲ್ಕೈದು ಸಲ ತಪ್ಪಿದರೆ ವಿಂಡೋಸ್ ಒಂದು ನಿಗದಿತ ಅಕ್ಷರಸಾಲನ್ನು ಟೈಪ್ ಮಾಡಿಸಿ ಕೀಬೋರ್ಡಿನ ಮುಂದೆ ಮನುಷ್ಯರೇ ಇದ್ದಾರೆಯೇ ಎಂದು ನೋಡುತ್ತದೆ, ಮುಂದೆ ಯಂತ್ರವನ್ನು ಮರುಚಾಲನೆ ಮಾಡಲು ಹೇಳುತ್ತದೆ. ಇನ್ನೂ ತಪ್ಪುತ್ತ ಹೋದರೆ ಟಿಪಿಎಂ ತಾನೇ ಬಾಗಿಲು ಹಾಕಿಕೊಂಡು ಹತ್ತು ನಿಮಿಷಕ್ಕೆ ಒಂದು ಪ್ರಯತ್ನಕ್ಕಷ್ಟೇ ಅವಕಾಶ ಕೊಡುತ್ತದೆ. ಹುಟ್ಟಿದ ವರ್ಷವನ್ನೋ ಮದುವೆಯ ವರ್ಷವನ್ನೋ ಇಡದೆ ಆರಂಕಿಯ ಪಿನ್ ಇಟ್ಟುಕೊಂಡರೆ ಮನೆಬಳಕೆಗೆ ಧಾರಾಳವಾಯಿತು. ಆದರೆ ದಿನವೂ ಪಿನ್ ಒತ್ತುವವರು ಅದರ ಹಿಂದಿರುವ ಖಾತೆಯ ಪಾಸ್‌ವರ್ಡನ್ನು ಆರು ತಿಂಗಳಲ್ಲಿ ಮರೆತುಬಿಡುತ್ತಾರೆ, ಮತ್ತು ಅದರ ನೆನಪಾಗಬೇಕಾದದ್ದು ಯಂತ್ರ ಕೆಟ್ಟ ದಿನವೇ.

ಮರೆತಾಗ ಎರಡು ಬಗೆಯ ಖಾತೆಗಳ ಗತಿ ಬೇರೆ ಬೇರೆ. ಮೈಕ್ರೋಸಾಫ್ಟ್ ಖಾತೆಯಾದರೆ ಮೊಬೈಲ್ ಸಂಖ್ಯೆಗೆ ಅಥವಾ ಇನ್ನೊಂದು ಇಮೇಲ್‌ಗೆ ಬರುವ ಕೋಡ್‌ನಿಂದ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬಹುದು, ಆದರೆ ಆ ಸಂಖ್ಯೆ ಚಾಲ್ತಿಯಲ್ಲಿರಬೇಕು; ರೀಚಾರ್ಜ್ ಮಾಡದೆ ಬಿಟ್ಟ ಸಿಮ್‌ನ ಸಂಖ್ಯೆ ಕಾಲಕ್ರಮದಲ್ಲಿ ಬೇರೊಬ್ಬರ ಪಾಲಾಗುತ್ತದೆ ಎಂಬುದು ನೆನಪಿರಲಿ. ಸ್ಥಳೀಯ ಖಾತೆಯಾದರೆ, ಅದೇ ಯಂತ್ರದ ಅಡ್ಮಿನಿಸ್ಟ್ರೇಟರ್ ಖಾತೆಯಿಂದ, ಅಂದರೆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆಯಿಂದ, ಹೊಸ ಪಾಸ್‌ವರ್ಡ್ ಇಡಬಹುದು. ಫೋಟೊ, ಪತ್ರ ಮುಂತಾದ ಸಾಮಾನ್ಯ ಫೈಲುಗಳಿಗೆ ಇದರಿಂದ ತೊಂದರೆಯಾಗದು. ಆದರೆ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು ಓದಲಾಗದೆ ಹೋಗುತ್ತವೆ. ಕಾರಣವಿಷ್ಟೆ: ಅವುಗಳನ್ನು ಮುಚ್ಚಿಟ್ಟಿರುವ ಕೀಲಿಯನ್ನು ನಿಮ್ಮ ಹಳೆಯ ಲಾಗಿನ್ ಪಾಸ್‌ವರ್ಡಿನಿಂದಲೇ ಮುಚ್ಚಿಡಲಾಗಿರುತ್ತದೆ. ನೀವೇ ಹಳೆಯ ಪಾಸ್‌ವರ್ಡ್ ಕೊಟ್ಟು ಹೊಸದಕ್ಕೆ ಬದಲಿಸಿದರೆ ವಿಂಡೋಸ್ ಆ ಕೀಲಿಯನ್ನು ಹೊಸದರಿಂದ ಮತ್ತೆ ಮುಚ್ಚಿಡುತ್ತದೆ, ಬೇರೆಯವರು ಮೇಲಿನಿಂದ ಬದಲಿಸಿದರೆ ಹಳೆಯದು ಗೊತ್ತಿಲ್ಲದ ಕಾರಣ ಹಾಗೆ ಮಾಡಲಾಗುವುದಿಲ್ಲ. ಸ್ಥಳೀಯ ಖಾತೆ ಇರುವವರು ಕಂಟ್ರೋಲ್ ಪ್ಯಾನೆಲ್ಲಿನ ಯೂಸರ್ ಅಕೌಂಟ್ಸ್‌ನಲ್ಲಿರುವ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಎಂಬ ಸೌಲಭ್ಯದಿಂದ ಒಂದು ಹಳೆಯ ಪೆನ್ ಡ್ರೈವನ್ನು ತಯಾರಿಸಿಟ್ಟುಕೊಂಡರೆ ಈ ನಷ್ಟವಿಲ್ಲದೆ ಪಾರಾಗಬಹುದು, ಮತ್ತು ಮುಂದೆ ಎಷ್ಟು ಸಲ ಪಾಸ್‌ವರ್ಡ್ ಬದಲಿಸಿದರೂ ಅದೇ ಪೆನ್ ಡ್ರೈವ್ ಸಾಕು. ಇಷ್ಟು ಉಪಯುಕ್ತವಾದದ್ದನ್ನು ಬಳಸುವವರು ಇಷ್ಟು ಕಡಿಮೆ ಎಂಬುದು ಬೇಸರದ ಸಂಗತಿ. ಆ ಪೆನ್ ಡ್ರೈವ್ ಸಿಕ್ಕವರು ಯಾರೇ ಆದರೂ ಒಳಬರಬಲ್ಲರು, ಆದ್ದರಿಂದ ಅದನ್ನು ಕಂಪ್ಯೂಟರಿನ ಪಕ್ಕದ ಡ್ರಾಯರಿನಲ್ಲಿ ಇಡಬಾರದು.

ಸ್ಥಳೀಯ ಖಾತೆಗೆ ವಿಂಡೋಸ್ ಕೇಳುವ ಮೂರು ಭದ್ರತಾ ಪ್ರಶ್ನೆಗಳು ಮನೆಯ ಮಟ್ಟಿಗೆ ಹೆಸರಿಗಷ್ಟೇ ಭದ್ರತೆ. ಹುಟ್ಟಿದ ಊರು, ಸಾಕಿದ ನಾಯಿಯ ಹೆಸರು ಮುಂತಾದವು ಮನೆಮಂದಿಗೂ ನೆಂಟರಿಗೂ ಗೊತ್ತಿರುವಂಥವೇ. ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರಗಳನ್ನು ಕೊಟ್ಟು ಅವುಗಳನ್ನು ಬರೆದಿಟ್ಟುಕೊಳ್ಳುವುದು ಲೇಸು.

ಮನೆಯಲ್ಲಿ ಯಾರಿಗೆ ಯಾವ ಖಾತೆ

ಮನೆಯಲ್ಲಿ ನಾಲ್ವರಿದ್ದರೆ ಐದು ಖಾತೆಗಳು ಇರಬೇಕು. ನಾಲ್ವರಿಗೂ ಒಂದೊಂದು ಸ್ಟ್ಯಾಂಡರ್ಡ್ (ಸೀಮಿತ ಅಧಿಕಾರದ ಸಾಮಾನ್ಯ) ಖಾತೆ, ಅವುಗಳ ಜೊತೆಗೆ ದಿನನಿತ್ಯ ಯಾರೂ ಬಳಸದ ಒಂದು ಅಡ್ಮಿನಿಸ್ಟ್ರೇಟರ್ ಖಾತೆ. ಹೊಸ ಸಾಫ್ಟ್‌ವೇರ್ ಹಾಕುವಾಗ ಮಾತ್ರ ಈ ಐದನೆಯದರ ಪಾಸ್‌ವರ್ಡ್ ಬೇಕಾಗುತ್ತದೆ. ಉಚಿತ ಆಟವೆಂದು ಮಗ ಇಳಿಸಿಕೊಂಡ ಫೈಲು ಆ ಪಾಸ್‌ವರ್ಡ್ ಕೇಳಿದ ಕ್ಷಣದಲ್ಲಿ ದೊಡ್ಡವರೊಬ್ಬರು ಬಂದು ನೋಡುವ ಸಂದರ್ಭ ಒದಗುತ್ತದೆ. ಇದರ ಮುಖ್ಯ ಪ್ರಯೋಜನ ಇದೇ. ಸ್ಟ್ಯಾಂಡರ್ಡ್ ಖಾತೆ ಎಲ್ಲವನ್ನೂ ತಡೆಯುವುದಿಲ್ಲ. ಅದರಲ್ಲಿ ಓಡಿದ ಕೆಟ್ಟ ಪ್ರೋಗ್ರಾಂ ಆ ಒಬ್ಬರ ಫೈಲುಗಳನ್ನು ಹಾಳುಮಾಡಬಲ್ಲದು, ಆದರೆ ಉಳಿದವರ ಖಾತೆಯೊಳಗಿನ ಫೈಲುಗಳಿಗೆ ಸುಲಭವಾಗಿ ಕೈಹಾಕಲಾರದು.

ಇಲ್ಲಿ ಡಿ ಡ್ರೈವಿನ ವಿಷಯ ಹೇಳಲೇಬೇಕು. ನಮ್ಮಲ್ಲಿ ಡಿಸ್ಕನ್ನು ಸಿ, ಡಿ, ಇ ಎಂದು ಭಾಗ ಮಾಡಿ, ‘ವಿಂಡೋಸ್ ಕೆಟ್ಟರೂ ಫೈಲು ಉಳಿಯಲಿ’ ಎಂದು ಮುಖ್ಯವಾದದ್ದನ್ನೆಲ್ಲ ಡಿ ಡ್ರೈವಿನಲ್ಲಿ ಇಡುವ ರೂಢಿ ಬಹಳ ಹಳೆಯದು. ಒಬ್ಬರ ಡಾಕ್ಯುಮೆಂಟ್ಸ್ ಫೋಲ್ಡರನ್ನು ಇನ್ನೊಂದು ಸ್ಟ್ಯಾಂಡರ್ಡ್ ಖಾತೆಯವರು ತೆರೆಯಲಾರರು, ಆದರೆ ಡಿ ಡ್ರೈವಿನಲ್ಲಿ ಮಾಡಿದ ಫೋಲ್ಡರ್‌ಗಳು, ನೀವಾಗಿ ಅನುಮತಿಗಳನ್ನು ಬದಲಿಸದ ಹೊರತು, ಆ ಯಂತ್ರದಲ್ಲಿ ಲಾಗಿನ್ ಆದ ಎಲ್ಲರಿಗೂ ತೆರೆದಿರುತ್ತವೆ. ಅವರು ಅವನ್ನು ತಿದ್ದಲೂಬಹುದು, ಅಳಿಸಲೂಬಹುದು. ಪ್ರತ್ಯೇಕ ಖಾತೆ, ಗಟ್ಟಿ ಪಾಸ್‌ವರ್ಡ್ ಎಲ್ಲ ಮಾಡಿಕೊಂಡೂ ಬ್ಯಾಂಕಿನ ಕಾಗದಗಳನ್ನು ಡಿ ಡ್ರೈವಿನಲ್ಲಿ ಇಟ್ಟವರು ತಮ್ಮ ಶ್ರಮವನ್ನು ವ್ಯರ್ಥ ಮಾಡಿಕೊಂಡಂತೆಯೇ ಸರಿ. ಖಾಸಗಿಯಾದದ್ದು ನಿಮ್ಮ ಖಾತೆಯ ಡಾಕ್ಯುಮೆಂಟ್ಸ್‌ನಲ್ಲಿರಲಿ, ಎಲ್ಲರಿಗೂ ಬೇಕಾದ ಮದುವೆಯ ಫೋಟೊಗಳು ಡಿ ಡ್ರೈವಿನಲ್ಲೋ ಪಬ್ಲಿಕ್ ಫೋಲ್ಡರಿನಲ್ಲೋ ಇರಲಿ. ಡಿಸ್ಕ್ ಕೆಟ್ಟರೆ ಸಿ, ಡಿ ಎರಡೂ ಒಟ್ಟಿಗೇ ಹೋಗುವುದರಿಂದ, ಫೈಲು ಉಳಿಯಬೇಕೆಂದಿದ್ದರೆ ಬೇರೊಂದು ಡಿಸ್ಕಿನಲ್ಲಿ ಪ್ರತಿ ಇಡುವುದೇ ದಾರಿ.

ಅಜ್ಜ ಅಜ್ಜಿಯರಿಗೆ ಪಾಸ್‌ವರ್ಡ್ ಹೊರೆಯಾದರೆ ಅವರ ಸ್ಟ್ಯಾಂಡರ್ಡ್ ಖಾತೆಯನ್ನು ಪಾಸ್‌ವರ್ಡ್ ಇಲ್ಲದೆಯೇ ಇಡುವುದು 1234 ಎಂದು ಇಡುವುದಕ್ಕಿಂತ ಒಂದು ರೀತಿಯಲ್ಲಿ ಸುರಕ್ಷಿತ. ಪಾಸ್‌ವರ್ಡ್ ಇಲ್ಲದ ಸ್ಥಳೀಯ ಖಾತೆಗೆ ಯಂತ್ರದ ಮುಂದೆ ಕುಳಿತು ಮಾತ್ರ ಪ್ರವೇಶಿಸಬಹುದು, ನೆಟ್‌ವರ್ಕ್ ಮೂಲಕ ಪ್ರವೇಶಿಸಲು ವಿಂಡೋಸ್ ಬಿಡುವುದಿಲ್ಲ. 1234 ಇದ್ದರೆ ಬಿಡುತ್ತದೆ. ಆ ಖಾತೆಯಲ್ಲಿ ಭಜನೆ, ಸುದ್ದಿ, ವಿಡಿಯೊ ಕರೆಗಳಷ್ಟೇ ಇದ್ದು, ಹಣದ ವ್ಯವಹಾರ ಇರಬಾರದು. ಇನ್ನು ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸಿಟ್ಟವರು ಕುರ್ಚಿಯಿಂದ ಏಳುವಾಗ ವಿಂಡೋಸ್ ಕೀ ಜೊತೆಗೆ ಎಲ್ ಒತ್ತಿ ಪರದೆಯನ್ನು ಲಾಕ್ ಮಾಡುವ ಅಭ್ಯಾಸ ಬೆಳೆಸಿಕೊಳ್ಳಬೇಕು. ತೆರೆದಿಟ್ಟ ಖಾತೆಯಲ್ಲಿ ಕುಳಿತವರು ಯಾರೇ ಆಗಲಿ, ಬ್ರೌಸರ್ ಅವರನ್ನು ನೀವೆಂದೇ ತಿಳಿದು ಪಾಸ್‌ವರ್ಡ್ ತುಂಬಿಕೊಡುತ್ತದೆ.

ಪಾಸ್‌ವರ್ಡ್ ಕಟ್ಟುವುದು, ಇಟ್ಟುಕೊಳ್ಳುವುದು

ಕನ್ನಡದ ನಾಲ್ಕೈದು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಪಾಸ್‌ವರ್ಡ್ ಮಾಡಿಕೊಳ್ಳುವುದು ನಮಗೆ ಒಳ್ಳೆಯ ಉಪಾಯ. ಪದಗಳಿಗೆ ಒಂದಕ್ಕೊಂದು ಸಂಬಂಧವಿರಬಾರದು: ಹುಣಸೆ, ಏಣಿ, ಕಂಬಳಿ, ಮಿಂಚು, ಗಾಣ ಎಂಬಂತೆ. ಗಾದೆ, ವಚನದ ಸಾಲು, ಚಿತ್ರಗೀತೆಯ ಪಲ್ಲವಿ ಬೇಡ. ಎಲ್ಲರ ಬಾಯಲ್ಲಿರುವುದು ಊಹಿಸುವವರ ಪಟ್ಟಿಗೂ ಬೇಗ ಸೇರುತ್ತದೆ. ದೇವರ ಹೆಸರಿಗೆ 123 ಸೇರಿಸುವುದಂತೂ ಬೇಡವೇ ಬೇಡ. ಕನ್ನಡ ಪದಗಳನ್ನು ಹೀಗೆ ಬರೆಯುವಾಗ ದೀರ್ಘಕ್ಕೆ ಒಂದು ಅಕ್ಷರ ಹಾಕಿದೆವೋ ಎರಡೋ, ‘ಣ’ಕ್ಕೆ ದೊಡ್ಡಕ್ಷರ ಹಾಕಿದೆವೋ ಸಣ್ಣದೋ ಎಂದು ನಾವೇ ಮರೆಯುವ ಸಂಭವವಿದೆ, ಆದ್ದರಿಂದ ಎಲ್ಲ ಪದಗಳಿಗೂ ಒಂದೇ ನಿಯಮ ಪಾಲಿಸಬೇಕು. ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಡುವ ಆಸೆ ನನಗೂ ಇದೆ, ಆದರೆ ಇಂದಿನ ಸ್ಥಿತಿಯಲ್ಲಿ ಅದನ್ನು ಶಿಫಾರಸು ಮಾಡಲಾರೆ: ಲಾಗಿನ್ ಪರದೆಯಲ್ಲಿ ಕನ್ನಡದ ಕೀಲಿಮಣೆ ವಿನ್ಯಾಸ ಸಿಗದೆ ಹೋದರೆ ಹೊರಗೇ ಉಳಿಯಬೇಕಾಗುತ್ತದೆ. ಇದರ ಇನ್ನೊಂದು ಮುಖವೂ ಇದೆ. ಕನ್ನಡ ವಿನ್ಯಾಸ ಹಾಕಿಕೊಂಡಿರುವ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡ್ ‘ತಪ್ಪು’ ಎಂದು ಬಂದರೆ, ಮರೆತೆವೆಂದು ಗಾಬರಿಯಾಗುವ ಮೊದಲು ಪರದೆಯ ಕೆಳಮೂಲೆಯ ಭಾಷೆಯ ಗುರುತನ್ನೂ, ಕ್ಯಾಪ್ಸ್ ಲಾಕ್ ಮತ್ತು ನಮ್ ಲಾಕ್‌ಗಳನ್ನೂ ನೋಡಿ.

ಗಟ್ಟಿಯಾದ ಪಾಸ್‌ವರ್ಡನ್ನು ಕಾರಣವಿಲ್ಲದೆ ಬದಲಿಸುತ್ತಿರಬೇಕಿಲ್ಲ. ಮಾನದಂಡಗಳನ್ನು ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2017ರ ತನ್ನ ಮಾರ್ಗಸೂಚಿಯಲ್ಲಿ ಕಾಲಕಾಲಕ್ಕೆ ಬದಲಿಸುವ ಒತ್ತಾಯವನ್ನು ಕೈಬಿಟ್ಟಿತು, ಮೈಕ್ರೋಸಾಫ್ಟ್ ಕೂಡ 2019ರಲ್ಲಿ ವಿಂಡೋಸಿನ ಭದ್ರತಾ ಶಿಫಾರಸುಗಳಿಂದ ಅದನ್ನು ತೆಗೆದುಹಾಕಿತು. ಬದಲಿಸಲೇಬೇಕಾದ ಸಂದರ್ಭಗಳು ಬೇರೆ: ಬೇರೆಯವರಿಗೆ ಗೊತ್ತಾದಾಗ, ಅಥವಾ ಯಂತ್ರ ರಿಪೇರಿಗೆ ಹೋಗುವಾಗ. ರಿಪೇರಿಯವರು ಪಾಸ್‌ವರ್ಡ್ ಕೇಳುವುದು ಸಹಜ, ಕೆಲಸಕ್ಕೆ ಅದು ಬೇಕಾಗಲೂಬಹುದು. ನಿಮ್ಮ ಖಾತೆಯದನ್ನು ಹೇಳುವ ಬದಲು ಅವರಿಗಾಗಿಯೇ ಒಂದು ಸ್ಟ್ಯಾಂಡರ್ಡ್ ಖಾತೆ ಮಾಡಿಕೊಡಿ. ಅಡ್ಮಿನಿಸ್ಟ್ರೇಟರ್ ಖಾತೆಯೇ ಬೇಕೆಂದರೆ ಅದಕ್ಕೆ ತಾತ್ಕಾಲಿಕ ಪಾಸ್‌ವರ್ಡ್ ಇಟ್ಟು, ಯಂತ್ರ ಮರಳಿದ ದಿನವೇ ಬದಲಿಸಿ. ಅಡ್ಮಿನಿಸ್ಟ್ರೇಟರ್ ಖಾತೆ ಸಿಕ್ಕವರಿಗೆ ಮನೆಯ ಎಲ್ಲರ ಫೋಲ್ಡರ್‌ಗಳೂ ತೆರೆಯುತ್ತವೆ ಎಂಬುದನ್ನು ತಿಳಿದೇ ಕೊಡಬೇಕು.

ಬರೆದಿಡಬೇಡಿ ಎಂಬ ಹಳೆಯ ಮಾತನ್ನು ಮನೆಯ ಮಟ್ಟಿಗೆ ನಾನು ಒಪ್ಪುವುದಿಲ್ಲ. ಇಂಟರ್ನೆಟ್ಟಿನ ಕಳ್ಳನಿಗೆ ನಿಮ್ಮ ಬೀರುವಿನಲ್ಲಿರುವ ಕಾಗದ ಸಿಗುವುದಿಲ್ಲ, ಆದರೆ ಮನೆಯ ಲೆಕ್ಕಪತ್ರ ನೋಡಿಕೊಳ್ಳುವವರು ಆಸ್ಪತ್ರೆ ಸೇರಿದ ದಿನ ಹೆಂಡತಿ ಮಕ್ಕಳಿಗೆ ಸಿಗಬೇಕಾದದ್ದು ಆ ಕಾಗದವೇ. ಅಡ್ಮಿನಿಸ್ಟ್ರೇಟರ್ ಖಾತೆಯ ಹೆಸರು ಮತ್ತು ಪಾಸ್‌ವರ್ಡ್, ಮೈಕ್ರೋಸಾಫ್ಟ್ ಖಾತೆಯ ಇಮೇಲ್ ಮತ್ತು ಪಾಸ್‌ವರ್ಡ್, ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ, 48 ಅಂಕಿಗಳ ರಿಕವರಿ ಕೀ, ಇವಿಷ್ಟನ್ನು ಕೈಯಿಂದ ಸ್ಪಷ್ಟವಾಗಿ ಬರೆದು, ಲಕೋಟೆಗೆ ಹಾಕಿ, ಮನೆಪತ್ರ ಮತ್ತು ವಿಮೆಯ ಬಾಂಡುಗಳ ಜೊತೆ ಇಡಿ. ಅದರ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ. ಇಡುವ ಮೊದಲು ಒಂದು ಪರೀಕ್ಷೆಯಾಗಲಿ: ಬೇರೊಂದು ಫೋನಿನಿಂದ ಮೈಕ್ರೋಸಾಫ್ಟ್ ಖಾತೆಗೆ ಪ್ರವೇಶಿಸಿ, ಅಲ್ಲಿ ನಿಮ್ಮ ಯಂತ್ರದ ಹೆಸರಿನ ಎದುರು ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ನೀಲಿ ಪರದೆ ರಿಕವರಿ ಕೀ ಕೇಳುವಾಗ ತೋರಿಸುವುದು ಅದೇ ಐಡಿಯನ್ನು, ಮತ್ತು ಮನೆಯಲ್ಲಿ ಎರಡು ಮೂರು ಯಂತ್ರಗಳಿದ್ದರೆ ಯಾವ ಕೀ ಯಾವುದರದು ಎಂದು ತಿಳಿಯುವುದು ಅದರಿಂದಲೇ.